ಅಟ್ಟದ ಕ್ಯಾಸೆಟ್ಟು ಗಣಕಯಂತ್ರಕ್ಕೆ ಹಾಡುವ ಬಗೆ

ಜಯನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಸಂಜೆ ನಡೆದಾಡುವವರಿಗೆ ಒಂದು ನೋಟ ಈಗ ಹೊಸದೇನಲ್ಲ. ಮುಂದೆ ಪುಟ್ಟ ಕೈತೋಟ, ಒಳಗೆ ಕೆಂಪು ಗಾರೆಯ ನೆಲ, ಪಕ್ಕದಲ್ಲೊಂದು ತೆಂಗಿನ ಮರ ಇದ್ದ ಹಳೆಯ ಮನೆಯ ಮುಂದೆ ಒಂದು ದಿನ ಲಾರಿ ನಿಲ್ಲುತ್ತದೆ. ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವ ಮುನ್ನ ಅಟ್ಟ ಖಾಲಿಯಾಗಬೇಕು. ಹಿತ್ತಾಳೆಯ ಪಾತ್ರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ. ಹಳೆಯ ಪತ್ರಿಕೆಗಳು ತೂಕಕ್ಕೆ ಹೋಗುತ್ತವೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟ ಕ್ಯಾಸೆಟ್ಟುಗಳು, ಅವುಗಳ ಜೊತೆ ಸೆಲ್ಲು ಸೋರಿ ಕೆಟ್ಟ ಒಂದು ವಾಕ್‌ಮನ್. ‘ಹಾಕಿ ಕೇಳೋದಕ್ಕೆ ಏನೂ ಇಲ್ಲವಲ್ಲ’ ಎಂಬ ಒಂದು ಮಾತಿನಲ್ಲಿ ಡಬ್ಬ ರದ್ದಿಯ ಚೀಲ ಸೇರುತ್ತದೆ.

ಆ ಡಬ್ಬದಲ್ಲಿ ಎರಡು ಬಗೆಯ ಕ್ಯಾಸೆಟ್ಟುಗಳಿರುತ್ತವೆ. ಅಂಗಡಿಯಲ್ಲಿ ಕೊಂಡ ಚಿತ್ರಗೀತೆ, ಭಾವಗೀತೆ, ದೇವರನಾಮಗಳದ್ದು ಒಂದು ಬಗೆ. ಬಹುಮಟ್ಟಿಗೆ ಇವು ಬೇರೆಲ್ಲಾದರೂ ಸಿಕ್ಕಾವು. ಖಾಲಿ ಕ್ಯಾಸೆಟ್ಟು ತಂದು ಮನೆಯಲ್ಲೇ ಮುದ್ರಿಸಿಕೊಂಡದ್ದು ಎರಡನೆಯ ಬಗೆ. ಅಜ್ಜಿಯ ಆರತಿ ಹಾಡು, ಮೇಷ್ಟ್ರ ಸಂಗೀತ ಪಾಠ, ಮಗುವಿನ ತೊದಲು ಮಾತು. ಈ ಎರಡನೆಯ ಬಗೆಗೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ. ಇದನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಲು ಬೇಕಾದದ್ದು ಸರಿಯಾಗಿ ಕೆಲಸ ಮಾಡುವ ಒಂದು ಪ್ಲೇಯರ್, ಒಂದು ಗೇಣುದ್ದದ ವಯರು ಮತ್ತು ಸ್ವಲ್ಪ ತಾಳ್ಮೆ. ವಯರಿನ ಎರಡು ತುದಿಗಳ ನಡುವೆ ನಡೆಯುವುದೇನು ಎಂಬುದನ್ನು ಅರಿತುಕೊಂಡರೆ ಕೆಲಸವೂ ಕೆಡುವುದಿಲ್ಲ, ತಾಳ್ಮೆಯೂ ಕೆಡುವುದಿಲ್ಲ.

ಟೂ-ಇನ್-ಒನ್ ಕಾಲ

ಕ್ಯಾಸೆಟ್ಟು ಹುಟ್ಟಿದ್ದು ಫಿಲಿಪ್ಸ್ ಕಂಪನಿಯಲ್ಲಿ. ಲೂ ಓಟನ್ಸ್ ಎಂಬ ಎಂಜಿನಿಯರ್ ನೇತೃತ್ವದಲ್ಲಿ ರೂಪುಗೊಂಡ ಅದು 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಯಂತ್ರ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಲು ಓಟನ್ಸ್ ಒಂದು ಮರದ ತುಂಡನ್ನು ತಮ್ಮ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ನೋಡಿದರಂತೆ. ಅದಕ್ಕೂ ಮುನ್ನ ಟೇಪ್ ರೆಕಾರ್ಡರ್ ಎಂದರೆ ದೊಡ್ಡ ಸುರುಳಿಗಳ ಭಾರವಾದ ಪೆಟ್ಟಿಗೆ. ಆಕಾಶವಾಣಿಯಂಥ ಸಂಸ್ಥೆಗಳಿಗೆ, ಕೆಲವೇ ಉಳ್ಳವರಿಗೆ ಮಾತ್ರ ಎಟುಕುತ್ತಿದ್ದ ವಸ್ತು. 1979ರ ಜುಲೈ 1ರಂದು ಜಪಾನಿನ ಸೋನಿ ಕಂಪನಿ ವಾಕ್‌ಮನ್ ಮಾರಾಟಕ್ಕಿಟ್ಟಿತು. ಸಂಗೀತ ಸೊಂಟಪಟ್ಟಿಗೆ ಸಿಕ್ಕಿಕೊಂಡು ಊರು ಸುತ್ತತೊಡಗಿತು.

ಕನ್ನಡದ ಮಟ್ಟಿಗೆ ಇದಕ್ಕೆ ಒಂದು ವರ್ಷ ಮೊದಲೇ ದೊಡ್ಡ ಘಟನೆ ನಡೆದಿತ್ತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಅದಕ್ಕಿದೆ. ಪುಸ್ತಕದಲ್ಲಿದ್ದ ಕವಿತೆ ಅಡುಗೆಮನೆಗೂ ಆಟೊರಿಕ್ಷಾಕ್ಕೂ ಬಂದದ್ದು ಹೀಗೆ. ಕಡಿಮೆ ಬಂಡವಾಳದಲ್ಲಿ ಕ್ಯಾಸೆಟ್ಟು ತಯಾರಿಸಬಹುದಾಗಿದ್ದರಿಂದ ದೊಡ್ಡ ಗ್ರಾಮಫೋನ್ ಕಂಪನಿಗಳ ಹಿಡಿತ ಸಡಿಲಾಗಿ, ಸಣ್ಣ ಊರುಗಳ ಹಾಡು, ಹರಿಕಥೆ, ಭಜನೆಗಳಿಗೂ ಮಾರುಕಟ್ಟೆ ಸಿಕ್ಕಿತು. ಉತ್ತರ ಭಾರತದಲ್ಲಿ ಆದ ಇಂಥದ್ದೇ ಬದಲಾವಣೆಯನ್ನು ಅಮೆರಿಕದ ಸಂಗೀತ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಪ್ರಕಟವಾದ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಆದರೆ ಮಾರುಕಟ್ಟೆಗೆ ಬಾರದ ಇನ್ನೊಂದು ಬದಲಾವಣೆ ಮನೆಗಳೊಳಗೆ ಆಯಿತು. ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿದ್ದ ‘ಟೂ-ಇನ್-ಒನ್’ ಬಂದ ಮೇಲೆ ಸಾಮಾನ್ಯ ಸಂಸಾರವೂ ಧ್ವನಿ ಮುದ್ರಿಸುವ ಶಕ್ತಿ ಪಡೆಯಿತು. ರೇಡಿಯೊದಲ್ಲಿ ಗಮಕ ವಾಚನವೋ ಕಛೇರಿಯೋ ಬಂದಾಗ ಕೆಂಪು ಗುಂಡಿ ಒತ್ತಿದರೆ ಸಾಕಿತ್ತು. ಸಂಗೀತ ಕಲಿಯುವ ಮಕ್ಕಳು ಮೇಷ್ಟ್ರ ಎದುರು ರೆಕಾರ್ಡರ್ ಇಟ್ಟು ಪಾಠ ತುಂಬಿಸಿಕೊಂಡು ಬಂದರು. ಹಸೆಗೆ ಕರೆಯುವ ಹಾಡು, ಬೀಗರ ಹಾಡುಗಳು ಬಲ್ಲ ಹಿರಿಯ ಹೆಂಗಸರನ್ನು ಕೂರಿಸಿ ಹಾಡಿಸಿದ್ದುಂಟು. ವಿದೇಶಕ್ಕೆ ಫೋನು ಮಾಡುವುದು ದುಬಾರಿಯಾಗಿದ್ದ ದಿನಗಳಲ್ಲಿ ಅಮೆರಿಕದ ಮಗನಿಗೆ ಇಡೀ ಮನೆಯವರು ಸರದಿಯಲ್ಲಿ ಮಾತಾಡಿದ ಕ್ಯಾಸೆಟ್ಟು ಅಂಚೆಯಲ್ಲಿ ಹೋಗುತ್ತಿತ್ತು. ಅತ್ತಲಿಂದ ಮೊಮ್ಮಗುವಿನ ದನಿ ಬರುತ್ತಿತ್ತು. ಇವೆಲ್ಲ ಯಾವ ಸಂಗ್ರಹಾಲಯದ ಪಟ್ಟಿಯಲ್ಲೂ ಇಲ್ಲ. ಇರುವುದು ಅಟ್ಟದ ಡಬ್ಬದಲ್ಲಿ.

ನಕಲು ಮಾಡುವುದು, ಕೇಳಿಸುವುದು

ಪ್ಲೇಯರನ್ನು ಗಣಕಯಂತ್ರಕ್ಕೆ ಜೋಡಿಸುವುದು ಎಂದಾಗ ನಾವು ಎರಡು ಬೇರೆ ಕೆಲಸಗಳಿಗೆ ಒಂದೇ ಹೆಸರು ಹೇಳುತ್ತಿದ್ದೇವೆ. ಎಂಪಿ3 ಪ್ಲೇಯರನ್ನು ಜೋಡಿಸಿದಾಗ ನಡೆಯುವುದು ನಕಲು. ಅದರಲ್ಲಿ ಹಾಡು ಆಗಲೇ ಅಂಕೆಗಳ ರೂಪದಲ್ಲಿದೆ. ಅಂಕೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೆದುಕೊಂಡರಾಯಿತು. ಹತ್ತು ಗಂಟೆಯ ಸಂಗೀತ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ.

ಈ ಪ್ಲೇಯರುಗಳ ಇತಿಹಾಸ ಚಿಕ್ಕದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಬೆಳೆಸಿದ ಕಿರಿದಾಗಿಸುವ ವಿಧಾನಕ್ಕೆ ಎಂಪಿ3 ಎಂಬ ಬಾಲಂಗೋಚಿ ಅಂಟಿದ್ದು 1995ರಲ್ಲಿ. ಬಸ್ಸು ಹಾರ್ನ್ ಹೊಡೆದ ಕ್ಷಣ ಪಕ್ಕದವರ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಹೀಗೆ ಕಿವಿ ಹೇಗೂ ಗಮನಿಸದ ಸದ್ದನ್ನು ಕೈಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದೇ ಅದರ ಗುಟ್ಟು. 1998ರಲ್ಲಿ ಬಂದ ‘ರಿಯೊ’ ಎಂಬ ಪ್ಲೇಯರಿನಲ್ಲಿ 32 ಎಂಬಿ ಜಾಗವಿತ್ತು, ಅಂದರೆ ಸುಮಾರು ಅರ್ಧ ಗಂಟೆಯ ಸಂಗೀತ. ಅದನ್ನು ಗಣಕದ ಹಿಂದೆ ಪ್ರಿಂಟರಿಗೆಂದು ಇದ್ದ ಅಗಲದ ಕಿಂಡಿಗೆ ಜೋಡಿಸಬೇಕಾಗಿತ್ತು. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಐಪಾಡ್ 5 ಜಿಬಿ ಹೊತ್ತು ಬಂದಿತು. 2022ರಲ್ಲಿ ಅದರ ತಯಾರಿಕೆಯೇ ನಿಂತಿತು. ನಡುವೆ ಎಲ್ಲ ಕಿಂಡಿಗಳನ್ನೂ ಬದಿಗೊತ್ತಿ ನಿಂತದ್ದು 1996ರಲ್ಲಿ ಮೊದಲ ರೂಪ ಪಡೆದ ಯುಎಸ್‌ಬಿ. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರಲ್ಲಿ ಒಬ್ಬರಾದ ಅಜಯ್ ಭಟ್ ಬರೋಡಾದಲ್ಲಿ ಓದಿದವರು.

ಸಾಮಾನ್ಯ ಎಂಪಿ3 ಪ್ಲೇಯರನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ಅದು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಐಪಾಡ್ ಮಾತ್ರ ಹಾಡುಗಳನ್ನು ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಮರೆಯ ಕಡತಗಳಲ್ಲಿ ಇಡುತ್ತಿತ್ತು. ಗಣಕದಿಂದ ಅದಕ್ಕೆ ಹಾಡು ತುಂಬುವುದು ಸುಲಭ, ಅದರಿಂದ ಹಿಂದಕ್ಕೆ ಪಡೆಯುವುದು ಕಷ್ಟ ಎಂಬಂತೆ ಅದರ ಏರ್ಪಾಡು. ಇಂಥ ಪ್ಲೇಯರುಗಳು ಮನೆಯಲ್ಲಿದ್ದರೆ ಅವನ್ನೂ ಬೇಗ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಅವುಗಳ ನೆನಪಿನ ಬಿಲ್ಲೆಯಲ್ಲಿ ಅಂಕೆಗಳು ವಿದ್ಯುದಂಶದ ರೂಪದಲ್ಲಿ ಕೂತಿರುತ್ತವೆ. ವರ್ಷಗಟ್ಟಲೆ ವಿದ್ಯುತ್ತು ಕಾಣದೆ ಬಿದ್ದಿದ್ದರೆ ಅದು ಮೆಲ್ಲಗೆ ಸೋರಿಹೋಗುತ್ತದೆ.

ಕ್ಯಾಸೆಟ್ಟಿನ ವಿಷಯ ಬೇರೆ. ಅದರಲ್ಲಿ ಅಂಕೆಗಳಿಲ್ಲ. 3.81 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪವಿದೆ. ಆ ಲೇಪದ ಕಾಂತತೆಯ ಏರಿಳಿತವೇ ಹಾಡು. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡಿನ ಮುಂದೆ ಸಾಗಿದಾಗ ಏರಿಳಿತ ವಿದ್ಯುತ್ತಾಗುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಪಕ್ಕವೊಂದಕ್ಕೆ ಸುಮಾರು 86 ಮೀಟರ್ ಪಟ್ಟಿ ಹೀಗೆ ಸಾಗಬೇಕು. ಹಾಗಾಗಿ ಇಲ್ಲಿ ನಕಲು ಎಂಬುದಿಲ್ಲ. ಪ್ಲೇಯರ್ ಹಾಡಬೇಕು, ಗಣಕ ಕೂತು ಕೇಳಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು.

ಜಲಾಶಯದ ಮಟ್ಟ ಬರೆದಿಟ್ಟಂತೆ

ಗಣಕ ಕೇಳುವುದೆಂದರೆ ಏನು? ಮಳೆಗಾಲದಲ್ಲಿ ಪತ್ರಿಕೆಗಳು ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ಆ ಅಂಕಿಗಳನ್ನು ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಗುರುತಿಸಿ ಗೆರೆ ಎಳೆದರೆ ಇಡೀ ವರ್ಷದ ಏರಿಳಿತ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಮಾತ್ರ ಅಳೆದಿದ್ದರೆ ನಡುವೆ ಬಂದ ಪ್ರವಾಹ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಗಣಕದ ಧ್ವನಿಫಲಕ ಮಾಡುವುದೂ ಇದನ್ನೇ. ವಯರಿನಲ್ಲಿ ಬರುತ್ತಿರುವ ವಿದ್ಯುತ್ತಿನ ಮಟ್ಟವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಡುತ್ತದೆ. ಅಳತೆಗೋಲಿನಲ್ಲಿ 65,536 ಗೀಟುಗಳು.

ಸಂಖ್ಯೆ ವಿಚಿತ್ರವೆನಿಸಿದರೂ ಅದಕ್ಕೆ ಕಾರಣವಿದೆ. ಎಳೆಯ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ತನಕ ಕೇಳಿಸುತ್ತದೆ. ಯಾವುದೇ ಕಂಪನವನ್ನು ತಪ್ಪಿಲ್ಲದೆ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು ಎಂಬುದು ಗಣಿತದ ನಿಯಮ. ಸಿ.ಡಿ. ರೂಪಿಸಿದವರು ಒಪ್ಪಿಕೊಂಡ ಅಳತೆ ಇದು. ಮನೆಯ ಕ್ಯಾಸೆಟ್ಟಿಗೆ ಧಾರಾಳವಾಗಿ ಸಾಕು. ಎಡ ಬಲ ಎರಡೂ ಸೇರಿ ಒಂದು ಗಂಟೆಗೆ ಸುಮಾರು 635 ಎಂಬಿ ಜಾಗ ಬೇಕಾಗುತ್ತದೆ. ಇಂದು ಸಾಮಾನ್ಯವಾಗಿರುವ 32 ಜಿಬಿ ಪೆನ್‌ಡ್ರೈವಿನಲ್ಲಿ ಐವತ್ತು ಗಂಟೆಯ ಮುದ್ರಣ ಹಿಡಿಯುತ್ತದೆ. ಇಡೀ ಬಿಸ್ಕತ್ತಿನ ಡಬ್ಬ ಒಂದು ಬೆರಳುಗಾತ್ರದ ವಸ್ತುವಿನಲ್ಲಿ ಕೂತಂತೆ.

ವಯರು, ತೂತು, ಬಣ್ಣ

ಪ್ಲೇಯರಿನ ಇಯರ್‌ಫೋನ್ ತೂತಿಗೆ ಹೋಗುವ 3.5 ಮಿಲಿಮೀಟರ್ ಪಿನ್ನು ಹಳೆಯ ಕಾಲದ ಸಂತಾನ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ದಪ್ಪ ಪಿನ್ನಿನ ಕಿರಿಯ ರೂಪ ಅದು. ಟ್ರಂಕ್ ಕಾಲ್ ಜೋಡಿಸುತ್ತಿದ್ದ ಆಪರೇಟರ್ ಕೈಯಲ್ಲಿದ್ದದ್ದೂ ಅದೇ ವಂಶದ್ದು. ಪಿನ್ನಿನ ಮೇಲೆ ಎರಡು ಕಪ್ಪು ಉಂಗುರಗಳಿದ್ದರೆ ಅದರಲ್ಲಿ ಮೂರು ಭಾಗಗಳಿವೆ ಎಂದರ್ಥ: ತುದಿಯಲ್ಲಿ ಎಡಕಿವಿಯದ್ದು, ನಡುವೆ ಬಲಕಿವಿಯದ್ದು, ಬುಡದಲ್ಲಿ ಎರಡಕ್ಕೂ ಸಮಾನವಾದ ಮರಳುದಾರಿ. ಮೂರು ಉಂಗುರಗಳಿದ್ದರೆ ಅದು ಮೈಕೂ ಸೇರಿದ ಮೊಬೈಲ್ ಫೋನಿನ ವಯರು. ನಮ್ಮ ಕೆಲಸಕ್ಕೆ ಬೇಡ. ಎರಡೂ ತುದಿಗೆ ಎರಡು ಉಂಗುರದ ಪಿನ್ನು ಇರುವ ವಯರು ಕೇಳಿ ತರಬೇಕು.

ಮೇಜಿನ ಮೇಲಿನ ಗಣಕಯಂತ್ರದ ಬೆನ್ನಲ್ಲಿ ಮೂರು ಬಣ್ಣದ ತೂತುಗಳಿರುತ್ತವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಯಂತ್ರದಿಂದ ಬರುವ ಧ್ವನಿಗೆ. ಪ್ಲೇಯರಿನ ವಯರು ಸೇರಬೇಕಾದದ್ದು ತಿಳಿನೀಲಿಯನ್ನು. ಹೆಚ್ಚಿನವರು ತಪ್ಪುವುದು ಇಲ್ಲೇ. ಮೈಕಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಗುಲಾಬಿ ತೂತು ಅಷ್ಟು ಸಣ್ಣದನ್ನು ದೊಡ್ಡದು ಮಾಡಲೆಂದೇ ಇರುವುದು. ಅದರ ಸುಮಾರು ನೂರು ಪಟ್ಟು ಬಲದ ಧ್ವನಿಯನ್ನು ಅಲ್ಲಿಗೆ ಸುರಿದರೆ ಒಡೆದ, ಕರಕರ ಹಾಡು ಮುದ್ರಣವಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ತಿಳಿನೀಲಿ ತೂತೇ ಇಲ್ಲ. ಇರುವ ಒಂದೇ ತೂತು ಇಯರ್‌ಫೋನು ಮತ್ತು ಮೈಕು ಎರಡಕ್ಕೂ. ಇಂಥಲ್ಲಿ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಧ್ವನಿಪೆಟ್ಟಿಗೆ ಕೊಳ್ಳಬೇಕು. ಕೊಳ್ಳುವಾಗ ಹೊರಗಿನ ಯಂತ್ರದ ಧ್ವನಿಯನ್ನು, ಅದೂ ಎಡ ಬಲ ಎರಡನ್ನೂ ಒಳಗೆ ತೆಗೆದುಕೊಳ್ಳುತ್ತದೆಯೇ ಎಂದು ಕೇಳುವುದು ಮುಖ್ಯ. ಬರೀ ಮೈಕಿನ ತೂತಿರುವವೇ ಹೆಚ್ಚು. ಮುದ್ರಿಸಿಕೊಳ್ಳಲು ‘ಅಡಾಸಿಟಿ’ಯಂಥ ಉಚಿತ ತಂತ್ರಾಂಶ ಸಾಕು, ಅದು 2000ದಿಂದಲೂ ಲಭ್ಯವಿದೆ.

ಹಾಡು ಶುರುವಾಗುವ ಮುನ್ನ ಕ್ಯಾಸೆಟ್ಟಿನ ಆರೈಕೆ ಆಗಬೇಕು. ಅದರ ಬೆನ್ನಂಚಿನ ಎರಡು ಮೂಲೆಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಟ್ಟರೆ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ. ಬೂಸ್ಟು ಕಂಡ ಕ್ಯಾಸೆಟ್ಟನ್ನು ಉಳಿದವುಗಳಿಂದ ಬೇರೆ ಇಟ್ಟು, ತಿಳಿದವರಿಗೆ ತೋರಿಸದೆ ಪ್ಲೇಯರಿಗೆ ಹಾಕಬಾರದು. ಪಟ್ಟಿ ಸಡಿಲಾಗಿದ್ದರೆ ಆರು ಮೂಲೆಯ ಪೆನ್ಸಿಲ್ಲನ್ನು ಚಕ್ರಕ್ಕೆ ತೂರಿಸಿ ತಿರುಗಿಸುವ ಹಳೆಯ ವಿದ್ಯೆ ಇಂದಿಗೂ ಸರಿ. ಆಮೇಲೆ ಒಂದು ಬಾರಿ ಪೂರ್ತಿ ಮುಂದಕ್ಕೆ, ಒಂದು ಬಾರಿ ಹಿಂದಕ್ಕೆ ಓಡಿಸಿದರೆ ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಹತ್ತಿಗೆ ಅಂಟುವ ಕಂದುಬಣ್ಣ ಹಿಂದಿನ ಕ್ಯಾಸೆಟ್ಟುಗಳು ಬಿಟ್ಟುಹೋದ ಆಕ್ಸೈಡು. ಹಾಡು ಎಳೆದೆಳೆದು ಬಂದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿದೆ ಎಂದು ತಿಳಿಯಬೇಕು. ಅದನ್ನು ಬದಲಿಸದೆ ಮುದ್ರಿಸಿದರೆ ಅಜ್ಜಿಯ ಶ್ರುತಿಯೇ ಬದಲಾದೀತು.

ಇಲ್ಲಿ ವಾಕ್‌ಮನ್‌ಗೆ ಒಂದು ಅನುಕೂಲವಿದೆ. ಟೇಪ್ ರೆಕಾರ್ಡರನ್ನೂ ಗಣಕವನ್ನೂ ಗೋಡೆಯ ಪ್ಲಗ್ಗಿಗೆ ಹಾಕಿದಾಗ ಎರಡರ ನಡುವೆ ‘ಗುಂಯ್’ ಎಂಬ ಸದ್ದು ನುಸುಳುವುದುಂಟು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುವುದರ ಸದ್ದು ಅದು. ಸೆಲ್ಲಿನಿಂದ ನಡೆಯುವ ಪ್ಲೇಯರಿಗೆ ಗೋಡೆಯ ನಂಟೇ ಇಲ್ಲದ್ದರಿಂದ ಆ ಸದ್ದಿನ ದೊಡ್ಡ ದಾರಿಯೊಂದು ಮುಚ್ಚಿಹೋಗುತ್ತದೆ. ಹೊಸ ಸೆಲ್ಲು ಹಾಕಿ, ಪ್ಲೇಯರಿನ ವಾಲ್ಯೂಮ್ ನಡುಮಟ್ಟದಲ್ಲಿಟ್ಟು, ಗಣಕದ ಪರದೆಯ ಮೇಲಿನ ಅಳತೆಪಟ್ಟಿಯನ್ನು ಗಮನಿಸಬೇಕು. ಅತಿ ಜೋರಿನ ಕಡೆಯೂ ಪಟ್ಟಿ ಸೊನ್ನೆಯನ್ನು ಮುಟ್ಟದೆ ಅದಕ್ಕಿಂತ ಆರು ಡೆಸಿಬೆಲ್ ಕೆಳಗೇ ನಿಂತರೆ ಕ್ಷೇಮ. ಟೇಪು ಸ್ವಲ್ಪ ಮಿತಿಮೀರಿದರೆ ಸಹಿಸಿಕೊಳ್ಳುತ್ತದೆ. ಗಣಕ ಸಹಿಸುವುದಿಲ್ಲ, ಸೊನ್ನೆಯ ಆಚೆಗಿನದನ್ನು ಕತ್ತರಿಸಿಬಿಡುತ್ತದೆ.

ಕೇಳುತ್ತ ಕೂತಾಗ ಒಂದು ಸೋಜಿಗ ಎದುರಾಗಬಹುದು. ಹಾಡು ಆರಂಭವಾಗುವ ಒಂದೆರಡು ಸೆಕೆಂಡು ಮುನ್ನ ಅದೇ ಹಾಡು ಬಲು ಕ್ಷೀಣವಾಗಿ ಕೇಳಿಸುತ್ತದೆ. ಯಂತ್ರದ ದೋಷವಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಸುತ್ತಿಕೊಂಡಿದ್ದ ಪಟ್ಟಿಯ ಪದರಗಳಲ್ಲಿ ಒಂದರ ಕಾಂತತೆ ಪಕ್ಕದ್ದರ ಮೇಲೆ ಅಚ್ಚೊತ್ತಿರುತ್ತದೆ. ಇಂಥ ಸದ್ದು, ಸುಯ್ಯೆನ್ನುವ ಟೇಪಿನ ಹಿನ್ನೆಲೆ ಎಲ್ಲವನ್ನೂ ಅಳಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ಆದರೆ ಅವಸರಪಟ್ಟು ತೊಳೆದರೆ ಸದ್ದಿನ ಜೊತೆ ದನಿಯ ತೇವವೂ ಹೋಗುತ್ತದೆ. ಬಂದದ್ದನ್ನು ಬಂದಂತೆಯೇ ‘ವೇವ್’ ಅಥವಾ ‘ಫ್ಲ್ಯಾಕ್’ ರೂಪದಲ್ಲಿ ಒಂದು ಮೂಲಪ್ರತಿಯಾಗಿ ಇಟ್ಟುಕೊಂಡು, ಶುದ್ಧೀಕರಣವನ್ನು ಬೇರೊಂದು ಪ್ರತಿಯ ಮೇಲೆ ಮಾಡುವುದು ಲೇಸು. ಎಂಪಿ3 ಬಂಧುಗಳಿಗೆ ಕಳಿಸಲು ಸಾಕು; ಅದು ಸಾಮಾನ್ಯ ಅಳತೆಯಲ್ಲಿ ಮೂಲದ ಹನ್ನೊಂದರಲ್ಲಿ ಒಂದು ಪಾಲಷ್ಟೇ ಉಳಿಸಿಕೊಂಡಿರುತ್ತದೆ ಎಂಬುದು ನೆನಪಿರಲಿ.

ಯಂತ್ರಕ್ಕೆ ಗೊತ್ತಿಲ್ಲದ್ದು

ಇಷ್ಟೆಲ್ಲ ಆದ ಮೇಲೂ ಗಣಕ ಹಿಡಿದಿಟ್ಟಿರುವುದು ಸದ್ದನ್ನು ಮಾತ್ರ. ಹಾಡುತ್ತಿರುವವರು ಯಾರು, ನಡುವೆ ಕೆಮ್ಮಿದವರು ಯಾರು, ಯಾರ ಮನೆಯ ಮುಂಜಿಯದು, ಪಾಠ ಹೇಳುತ್ತಿರುವ ಮೇಷ್ಟ್ರ ಹೆಸರೇನು ಎಂಬುದು ಅದಕ್ಕೆ ತಿಳಿಯದು. ಕ್ಯಾಸೆಟ್ಟಿನ ಚೀಟಿಯ ಮೇಲೆ ‘ಅಮ್ಮ, ಎರಡನೇ ಪಕ್ಕ ಖಾಲಿ’ ಎಂದಷ್ಟೇ ಇರುತ್ತದೆ. ಯಾರ ಅಮ್ಮ? ಉತ್ತರ ಬಲ್ಲವರಿಗೆ ಈಗ ಎಪ್ಪತ್ತೋ ಎಂಬತ್ತೋ. ಟೇಪಿನ ಲೇಪ ಉದುರುವುದಕ್ಕೆ ಮೊದಲೇ ಈ ನೆನಪು ಉದುರಿಹೋಗಬಹುದು. ಟೇಪಿನಲ್ಲಿ ದನಿ ಉಳಿದು, ಗುರುತಿಸುವವರು ಇಲ್ಲದಾದರೆ ಅದು ಅನಾಮಿಕರ ಹಾಡಾಗುತ್ತದೆ.

ಆದ್ದರಿಂದ ಕ್ಯಾಸೆಟ್ಟಿಗೆ ಅದರಷ್ಟೇ ಹೊತ್ತು ಕೊಡಬೇಕಾಗಿರುವುದು ಒಂದು ತೊಂದರೆಯೆಂದು ಭಾವಿಸಬೇಕಾಗಿಲ್ಲ. ಆ ಅರವತ್ತು ನಿಮಿಷ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ ಅವರು ಒಂದೊಂದೇ ದನಿಯನ್ನು ಗುರುತಿಸುತ್ತಾರೆ. ಹೇಳಿದ್ದನ್ನು ಹೆಸರು, ಊರು, ವರ್ಷ, ಸಂದರ್ಭ ಸಹಿತ ಆಗಲೇ ಬರೆದುಕೊಂಡು, ಕಡತಕ್ಕೂ ಅದೇ ಹೆಸರಿಡಬೇಕು. ಅವರ ಮಾತನ್ನೇ ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಹಳೆಯ ದನಿಗೆ ಇನ್ನೊಂದು ದನಿ ಸಾಕ್ಷಿಯಾಗುತ್ತದೆ. ಮೂರು ಪ್ರತಿ ಮಾಡಿ, ಒಂದನ್ನಾದರೂ ಬೇರೆ ಊರಿನ ಬಂಧುಗಳ ಮನೆಯಲ್ಲಿ ಇಡುವುದು ಜಾಣತನ. ಕ್ಯಾಸೆಟ್ಟುಗಳನ್ನು ಮಾತ್ರ ಎಸೆಯಬಾರದು. ನಾಳೆ ಇದಕ್ಕಿಂತ ಒಳ್ಳೆಯ ಪ್ಲೇಯರ್ ಸಿಕ್ಕೀತು.

ಕಾನೂನಿನ ಮಾತೂ ಒಂದಿದೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟನ್ನು ಸ್ವಂತ ಬಳಕೆಗೆ ಇಳಿಸಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಗುರುಗಳ ಪಾಠವನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಅವರ ಮನೆಯವರನ್ನು ಒಂದು ಮಾತು ಕೇಳುವುದಂತೂ ಸೌಜನ್ಯ.

ಸಂಗೀತ ಹೇಗೆ ಮುದ್ರಣವಾಯಿತು, ಹೇಗೆ ಮನೆಮನೆ ತಲುಪಿತು ಎಂಬುದು ಇಂದು ಪ್ರದರ್ಶನಕ್ಕಿಡುವ ವಿಷಯವಾಗಿದೆ. ಜೆ. ಪಿ. ನಗರದ ಏಳನೆಯ ಹಂತದಲ್ಲಿ 2019ರಲ್ಲಿ ತೆರೆದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಸಂಗ್ರಹಾಲಯಕ್ಕೆ ಹೋದವರು ನಾಡಿನ ಹೆಸರಾಂತರ ಸಂಗೀತವನ್ನು ಅಲ್ಲಿ ಕೇಳಿ ಬರಬಹುದು. ಹೆಸರಾಂತರ ದನಿಗಳನ್ನು ಕಾಯಲು ಹೀಗೆ ಸಂಸ್ಥೆಗಳಿವೆ. ಹಸೆಯ ಹಾಡು ಹಾಡಿದ ಅಜ್ಜಿಯ ದನಿಯನ್ನು ಕಾಯಬೇಕಾದವರು ಮನೆಯವರೇ. ಮನೆ ಕೆಡವುವ ದಿನ ಗೊತ್ತಾಗಿದ್ದರೆ, ಅದಕ್ಕೆ ಮುಂಚಿನ ಭಾನುವಾರಗಳಲ್ಲಿ ಒಂದನ್ನು ಬಿಸ್ಕತ್ತಿನ ಡಬ್ಬಕ್ಕೆ ಮೀಸಲಿಡಬೇಕು.